ಮೂರು ಹೆಸರು, ಒಂದೇ ಕೈಬರಹ

ಟೆಕ್ಸಸ್‌ನಲ್ಲಿ ಡಾಲಸ್ ಪಕ್ಕದ ಊರಾದ ಪ್ಲೇನೋದ ಆ ಸಭಾಂಗಣದ ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ಒಂದು ರಿಜಿಸ್ಟರ್ ಇರುತ್ತಿತ್ತು. ಒಳಗೆ ಹೋಗುವವರೆಲ್ಲ ಹೆಸರು, ಊರು, ಬಂದ ಹೊತ್ತು ಬರೆಯಬೇಕೆಂಬುದು ಸಭಾಂಗಣದವರ ನಿಯಮ. 2002ರ ನವೆಂಬರಿನ ಒಂದು ಶನಿವಾರ, ಕನ್ನಡ ಸಂಘದ ರಾಜ್ಯೋತ್ಸವದ ದಿನ, ನಾನು ಅದರಲ್ಲಿ ಮೂರು ಹೆಸರು ಬರೆದೆ. ನನ್ನದು ಮತ್ತು ನನ್ನ ಇಬ್ಬರು ರೂಮ್‌ಮೇಟ್‌ಗಳದು. ಇಷ್ಟನ್ನು ನಾನು ಆಣೆಯಿಟ್ಟು ಹೇಳಬಲ್ಲೆ. ಮುಂದೆ ಹೇಳುವುದರಲ್ಲಿ ಯಾವುದು ನಡೆದದ್ದು, ಯಾವುದು ನಾನು ಆಮೇಲೆ ಸೇರಿಸಿಕೊಂಡದ್ದು ಎಂಬ ಬಗ್ಗೆ ನನಗೆ ಮೊದಲಿನ ಧೈರ್ಯವಿಲ್ಲ.

ನಾವು ಮೂವರೂ ಹ್ಯೂಸ್ಟನ್‌ನಲ್ಲಿ ಓದುತ್ತಿದ್ದೆವು. ಒಬ್ಬ ತುಮಕೂರಿನವನು, ಮುಸ್ಲಿಮ್, ಮೆಕ್ಯಾನಿಕಲ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಅವನಿಗೆ ಗಡ್ಡವಿತ್ತು, ಒಂದು ಹಳೆಯ ಬಿಳಿ ಕಾರಿತ್ತು. ಇನ್ನೊಬ್ಬ ಮೈಸೂರಿನವನು. ಅವನು ಶನಿವಾರಗಳಂದು ಪರಿಚಯದವರೊಬ್ಬರ ಗ್ಯಾಸ್ ಸ್ಟೇಷನ್ನಿನಲ್ಲಿ ಕೌಂಟರಿಗೆ ನಿಲ್ಲುತ್ತಿದ್ದ. ವಿದ್ಯಾರ್ಥಿ ವೀಸಾದಲ್ಲಿದ್ದವರು ಹೀಗೆ ಹೊರಗೆ ಕೆಲಸ ಮಾಡುವಂತಿರಲಿಲ್ಲ. ಎಷ್ಟೋ ಜನ ಮಾಡುತ್ತಿದ್ದರು, ಯಾರೂ ಅದರ ಮಾತೆತ್ತುತ್ತಿರಲಿಲ್ಲ. ನಾನು ಸಂಖ್ಯಾಶಾಸ್ತ್ರದವನು. ಯಾವುದನ್ನೂ ಪುರಾವೆಯಿಲ್ಲದೆ ನಂಬುವುದಿಲ್ಲವೆಂಬ ಜಂಬ ನನಗಿತ್ತು.

ಆ ಶನಿವಾರದ ಕಾರ್ಯಕ್ರಮಕ್ಕೆ ನಾನು ನಿರೂಪಕ. ತಾಲೀಮಿಗೆಂದು ಶುಕ್ರವಾರವೇ ಹ್ಯೂಸ್ಟನ್ನಿನ ಒಂದು ಕುಟುಂಬದ ವ್ಯಾನಿನಲ್ಲಿ ಹೋಗಿದ್ದೆ. ತುಮಕೂರಿನವನು ಶನಿವಾರ ತನ್ನ ಕಾರಿನಲ್ಲಿ ಒಬ್ಬನೇ ಬರುವವನಿದ್ದ. ಸಂಘದ ಊಟದಲ್ಲಿ ಸಂಸಾರಸ್ಥರು ಒಂದೊಂದು ಅಡುಗೆ ಮಾಡಿ ತಂದರೆ ವಿದ್ಯಾರ್ಥಿಗಳ ಪಾಲಿಗೆ ಯಾವಾಗಲೂ ಐಸು ಮತ್ತು ಪೇಪರ್ ಪ್ಲೇಟು. ಮಧ್ಯಾಹ್ನ ನಾನು ರಿಜಿಸ್ಟರ್ ಮುಂದೆ ನಿಂತಾಗ ಯಾರೋ ಹಿಂದಿನಿಂದ, ನಿನ್ನ ರೂಮ್‌ಮೇಟ್ ಬಂದ, ಹಿಂದಿನ ಬಾಗಿಲಲ್ಲಿ ಐಸ್ ಇಳಿಸ್ತಾ ಇದಾನೆ ಎಂದರು. ಅವನ ಹೆಸರನ್ನೂ ನಾನೇ ಬರೆದೆ. ಆಮೇಲೆ ಪೆನ್ನು ನಿಲ್ಲಲಿಲ್ಲ. ನೂರಾರು ಮೈಲಿ ಆಚೆ ಕೌಂಟರಿನ ಹಿಂದೆ ನಿಂತಿದ್ದ ಮೈಸೂರಿನವನ ಹೆಸರನ್ನೂ ಬರೆದೆ. ಅವನು ಕೇಳಿರಲಿಲ್ಲ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಗೆಳೆಯರಿಗೆ ಪ್ರಾಕ್ಸಿ ಕೂಗಿದ ಬಾಯಿ ನನ್ನದು. ಮೂರು ದನಿಯಲ್ಲಿ ‘ಪ್ರೆಸೆಂಟ್ ಸರ್’ ಎನ್ನಬಲ್ಲವನಾಗಿದ್ದೆ. ಹಾಜರಿ ಪುಸ್ತಕ ಕಂಡರೆ ಕೈ ತಾನಾಗಿ ರೂಮಿನವರದೆಲ್ಲ ಬರೆಯುತ್ತಿತ್ತು.

ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲು ತಟ್ಟಿದ ಸದ್ದಾಯಿತು. ನಾನು ಅನ್ನಕ್ಕಿಟ್ಟಿದ್ದೆ. ಬಾಗಿಲ ಕಿಂಡಿಯಲ್ಲಿ ಇಬ್ಬರು ಕೋಟಿನವರು ಕಂಡರು. ಒಬ್ಬ ಬಾಗಿಲನ್ನೇ ನೋಡುತ್ತಿದ್ದ, ಇನ್ನೊಬ್ಬ ನಮ್ಮ ಕಿಟಕಿಯ ಕಡೆ. ತೆರೆಯುವ ಮುಂಚೆ ನಾನು ಮಾಡಿದ ಮೊದಲ ಕೆಲಸವೆಂದರೆ ಒಲೆ ಆರಿಸಿದ್ದು. ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ.

ಫೆಡರಲ್ ತನಿಖೆಯವರೆಂದು ಗುರುತಿನ ಚೀಟಿ ತೋರಿಸಿ, ಅವರು ಮರ್ಯಾದೆಯಿಂದಲೇ ಮಾತಾಡಿದರು. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಆ ಶನಿವಾರ ಸಂಜೆ ಐದರ ಸುಮಾರಿಗೆ, ಹ್ಯೂಸ್ಟನ್ನಿನಲ್ಲೇ ಹಡಗುಗಳು ಬರುವ ಕಾಲುವೆಯ ಪಕ್ಕದ ತೈಲ ಕಾರ್ಖಾನೆಯೊಂದರ ಬೇಲಿಯ ಬಳಿ ಗಡ್ಡದ ಯುವಕನೊಬ್ಬ ಬಿಳಿ ಕಾರು ನಿಲ್ಲಿಸಿಕೊಂಡು ಫೋಟೋ ತೆಗೆಯುತ್ತಿದ್ದನಂತೆ. ಯಾರೋ ಫೋನ್ ಮಾಡಿ ತಿಳಿಸಿದ್ದರು. ಹೇಳಿದವರು ಕಾರಿನ ನಂಬರು ನೋಡಿಕೊಂಡಿರಲಿಲ್ಲ. ಅಪಾರ್ಟ್‌ಮೆಂಟುಗಳಲ್ಲಿ ವಿಚಾರಿಸುತ್ತ ಬಂದಾಗ ನಮ್ಮ ಮ್ಯಾನೇಜರ್ ತುಮಕೂರಿನವನ ಹೆಸರು ಕೊಟ್ಟಿದ್ದಳು. ಪ್ರತಿ ತಿಂಗಳು ಅವನನ್ನು ಕಂಡು ನಕ್ಕು ಮಾತಾಡುವ ಹೆಂಗಸು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕೇಳಿದವರಿಗೆ ಕೇಳಿದ್ದನ್ನು ಕೊಟ್ಟು ತನ್ನ ಕೆಲಸಕ್ಕೆ ಮರಳಿದ್ದಳು, ಅಷ್ಟೇ.

ಮನೆಯಲ್ಲೇ ಇದ್ದ ತುಮಕೂರಿನವನು, ತಾನು ಅಂದು ಪ್ಲೇನೋದಲ್ಲಿದ್ದೆ ಎಂದ. ಹ್ಯೂಸ್ಟನ್ನಿನಿಂದ ಅಲ್ಲಿಗೆ ನಾಲ್ಕು ಗಂಟೆಯ ದಾರಿ. ಯಾರು ನೋಡಿದ್ದಾರೆ ಎಂದು ಕೇಳಿದರು. ಅರವತ್ತು ಜನ ಎಂದು ನಗುತ್ತ ಹೇಳಿದ. ಆಗಿನ್ನೂ ಅವನಿಗೆ ನಗು ಬರುತ್ತಿತ್ತು. ಅವರು ಬರೆದುಕೊಂಡು ಹೋದರು. ವಾರದ ನಂತರ ಮತ್ತೆ ಬಂದರು. ಆಮೇಲೆ ಡಿಸೆಂಬರಿನ ಎರಡನೆಯ ವಾರದ ಒಂದು ಗುರುವಾರ ಬೆಳಗ್ಗೆ ತಮ್ಮ ಕಚೇರಿಗೆ ಹಾಜರಾಗುವಂತೆ ಅವನಿಗೆ ಪತ್ರ ಬಂತು.

ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳಿಗೆ ಕಾನೂನು ಸಲಹೆ ಕೊಡುವ ಹೆಂಗಸೊಬ್ಬರಿದ್ದರು. ತುಮಕೂರಿನವನೂ ನಾನೂ ಅವರ ಬಳಿಗೆ ಹೋದೆವು. ಅವರು ಏನನ್ನೂ ಮುಚ್ಚಿಡಲಿಲ್ಲ. ಅವಳಿ ಗೋಪುರಗಳು ಉರುಳಿ ವರ್ಷವಷ್ಟೇ ಆಗಿರುವ ಈಗಿನ ಕಾಲದಲ್ಲಿ ಕೆಲವರು ಹೀಗೆ ಒಳಗೆ ಹೋದವರು ವಾರಗಟ್ಟಲೆ ಹೊರಗೆ ಬಂದಿಲ್ಲ, ವೀಸಾ ಹೋದರೆ ಮೂರು ವರ್ಷದ ಪಿಎಚ್.ಡಿ. ಅಲ್ಲಿಗೇ ಮುಗಿಯಿತು ಎಂದರು. ಆಮೇಲೆ, ಇದು ಸುಲಭದ ಕೇಸು ಎಂದೂ ಹೇಳಿದರು. ಅವನನ್ನು ಆ ಸಂಜೆ ಪ್ಲೇನೋದಲ್ಲಿ ಕಣ್ಣಾರೆ ಕಂಡ ಮೂವರು, ಹೊತ್ತು ನಮೂದಿಸಿ, ಸಹಿ ಹಾಕಿ ಪತ್ರ ಕೊಟ್ಟರೆ ಸಾಕು. ಅರವತ್ತರಲ್ಲಿ ಮೂವರು.

ಬಾಗಿಲಲ್ಲಿ ಹಾಜರಿ ರಿಜಿಸ್ಟರ್ ಏನಾದರೂ ಇತ್ತೇ ಎಂದು ಅವರು ನನ್ನ ಕಡೆ ತಿರುಗಿ ಕೇಳಿದರು. ಮೂರು ಹೆಸರು, ಒಂದೇ ಕೈಬರಹ. ಮೂರರಲ್ಲಿ ಒಬ್ಬ ಆ ಹೊತ್ತಿಗೆ ಕೆಲಸ ಮಾಡಬಾರದ ಕಡೆ ಕೆಲಸ ಮಾಡುತ್ತಿದ್ದ. ಆ ಹಾಳೆ ಹೊರಬಂದರೆ ನಾನು ಸುಳ್ಳು ಬರೆದವನು, ಮೈಸೂರಿನವನು ಸಿಕ್ಕಿಬಿದ್ದವನು. ಒಂದು ಹೆಸರು ಸುಳ್ಳೆಂದಾದ ಮೇಲೆ ತುಮಕೂರಿನವನ ನಿಜವಾದ ಹೆಸರನ್ನು ಯಾರು ನಂಬುತ್ತಾರೆ? ನಾನು, ಸರಿಯಾಗಿ ನೆನಪಿಲ್ಲ, ಇರಲಿಲ್ಲವೆಂದು ಕಾಣುತ್ತದೆ ಎಂದೆ. ಗೆಳೆಯ ನನ್ನ ಮುಖ ನೋಡಿದ. ಅವನಿಗೆ ರಿಜಿಸ್ಟರ್ ಗೊತ್ತಿರಲಿಲ್ಲ, ಹಿಂದಿನ ಬಾಗಿಲಿಂದ ಬಂದಿದ್ದನಲ್ಲ. ಆದರೆ ನನ್ನ ಮುಖ ಗೊತ್ತಿತ್ತು.

ಅಂದು ಮನೆಗೆ ಬಂದು ಮೈಸೂರಿನವನಿಗೆ ಎಲ್ಲ ಹೇಳಿದೆ. “ನನ್ನ ಹೆಸರು ಯಾಕೋ ಬರ್ದೆ ಮಗಾ? ನಿನಗ್ಯಾರು ಹೇಳಿದ್ರು?” ಎಂದ. ಆ ರಿಜಿಸ್ಟರ್ ವಿಷಯ ಎಲ್ಲೂ ಎತ್ತಬೇಡ ಎಂದು ನಾಲ್ಕು ಸಲ ಹೇಳಿದ. ಮಾರನೆಯ ದಿನದಿಂದ ಅವನು ಮನೆಯ ಕಿಟಕಿಗಳ ಬ್ಲೈಂಡ್ಸ್ ಎತ್ತಲು ಬಿಡಲಿಲ್ಲ. ಹಗಲಲ್ಲೂ ಲೈಟು ಹಾಕಿಕೊಂಡು ಕೂರುತ್ತಿದ್ದೆವು. ಹೊರಗೆ ಯಾರಾದರೂ ಕಾರಿನ ಬಾಗಿಲು ಹಾಕಿದರೆ ಮೂವರ ಮಾತೂ ನಿಲ್ಲುತ್ತಿತ್ತು. ತುಮಕೂರಿನವನು ಒಂದು ದಿನ ಗಡ್ಡ ತೆಗೆದು ಬಂದ, ಆಮೇಲೆ ಕನ್ನಡಿ ನೋಡಿಕೊಂಡು, ತೆಗೆದದ್ದೇ ತಪ್ಪಾಗಿ ಕಾಣಬಹುದೇ ಎಂದು ನನ್ನನ್ನು ಕೇಳಿದ. ಕಾರು ಓಡಿಸುವಾಗ ಸ್ಪೀಡ್ ಲಿಮಿಟ್‌ಗಿಂತ ಒಂದು ಮೈಲಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತೀರ ನಿಧಾನ ಹೋದರೂ ಅನುಮಾನ ಬರುತ್ತದೆಂದು ಯಾರೋ ಹೇಳಿದ್ದರು.

ಪತ್ರಗಳಿಗಾಗಿ ನಾನು ಫೋನ್ ಮಾಡತೊಡಗಿದೆ. ಸಂಘದ ಇ-ಮೇಲ್ ಗುಂಪಿಗೂ ಬರೆದೆ. ಅದೇ ವಾರ ಆ ಗುಂಪಿನಲ್ಲಿ ಸಂಕ್ರಾಂತಿಗೆ ಹೋಳಿಗೆ ಕಾಯಿಯದೋ ಬೇಳೆಯದೋ ಎಂಬ ಚರ್ಚೆ ನಡೆದಿತ್ತು. ಬಹಳ ಜನ ಬರೆದಿದ್ದರು. ನನ್ನ ಪತ್ರಕ್ಕೆ ಬಂದದ್ದು ಒಂದೇ ಉತ್ತರ. ರಾಜ್ಯೋತ್ಸವದ ದಿನ ಯಾರದೋ ನೀಲಿ ಟೇಬಲ್‌ಕ್ಲಾತ್ ತಮ್ಮ ಮನೆಗೆ ಬಂದಿದೆ, ಯಾರದೆಂದು ತಿಳಿಸಿ ಎಂದು.

ಫೋನಿನಲ್ಲಿ ಯಾರೂ ಆಗುವುದಿಲ್ಲ ಎನ್ನಲಿಲ್ಲ. ಅದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಎಲ್ಲರೂ ಒಳ್ಳೆಯ ದನಿಯಲ್ಲಿ ಮಾತಾಡಿದರು. ಊಟ ಆಯ್ತಾ ಎಂದರು. ಒಬ್ಬರು ಆ ಹೊತ್ತಿನಲ್ಲಿ ಮೈಕ್ ನೋಡಿಕೊಳ್ಳುತ್ತಿದ್ದರು. ಒಬ್ಬರು ಮಗಳ ನೃತ್ಯ ವೀಡಿಯೋ ಮಾಡುತ್ತಿದ್ದರು. ಒಬ್ಬರು, ಅಷ್ಟೊಂದು ಜನ ಇದ್ದಾರಲ್ಲ, ಇಷ್ಟು ಹೊತ್ತಿಗೆ ಯಾರಾದರೂ ಕೊಟ್ಟಿರುತ್ತಾರೆ ಎಂದರು. ಬಹುತೇಕ ಎಲ್ಲರಿಗೂ ಹಾಗೇ ಅನಿಸಿರಬೇಕು. ಊಟದ ಸಾಲಿನಲ್ಲಿ ಅವನು ಕಂಡ ನೆನಪು ಯಾರಿಗೂ ಇರಲಿಲ್ಲ. ನಮ್ಮವರು ಒಬ್ಬರನ್ನೊಬ್ಬರು ನೆನಪಿಟ್ಟುಕೊಳ್ಳುವುದೇ ಊಟದಿಂದ. ಯಾರು ಎಷ್ಟು ಹಾಕಿಸಿಕೊಂಡರು, ಯಾರು ಉಪ್ಪಿನಕಾಯಿ ಬೇಡವೆಂದರು ಎಂಬುದು ವರ್ಷಗಟ್ಟಲೆ ಉಳಿಯುತ್ತದೆ. ಕಾರ್ಯಕ್ರಮದ ಉದ್ದಕ್ಕೂ ಅವನು ಪರದೆ ಎಳೆಯುತ್ತಿದ್ದ, ಆದ್ದರಿಂದ ಫೋಟೋಗಳಲ್ಲಿ ಪರದೆಯಿತ್ತು, ಅವನಿರಲಿಲ್ಲ.

ಶನಿವಾರ ಬಸ್ಸಿನಲ್ಲಿ ಡಾಲಸ್‌ಗೆ ಹೋಗಿ, ಅಲ್ಲಿಂದ ಒಬ್ಬ ಗೆಳೆಯನ ಕಾರು ಎರವಲು ಪಡೆದು ಪ್ಲೇನೋದಲ್ಲಿ ಸಂಘದ ಅಧ್ಯಕ್ಷರ ಮನೆಗೆ ಹೋದೆ. ಅವರು ಬೆಂಗಳೂರಿನವರು, ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆ, ವಿದ್ಯಾರ್ಥಿಗಳಿಗೆಲ್ಲ ಬೇಕಾದ ಅಂಕಲ್. ಕಾಫಿ ಕೊಟ್ಟರು. ಪೂರ್ತಿ ಕೇಳಿಸಿಕೊಂಡರು. ಬೇಸರದಿಂದ ತಲೆಯಾಡಿಸಿದರು.

“ಅವನು ಒಳ್ಳೆ ಹುಡುಗ, ಅದರಲ್ಲಿ ಡೌಟೇ ಇಲ್ಲಪ್ಪ,” ಎಂದರು. “ಆದ್ರೆ ಸಂಘ ಅನ್ನೋದು ಕಲ್ಚರಲ್. ಇದು ಲೀಗಲ್ ಮ್ಯಾಟರ್. ನಾನು ಬರೆದ್ರೆ ಸಂಘವೇ ಬರೆದ ಹಾಗಾಗತ್ತೆ. ಕಮಿಟಿಲಿ ಇಡ್ತೀನಿ.”

ಕಮಿಟಿ ಯಾವಾಗ ಸೇರುತ್ತದೆ ಎಂದು ಕೇಳಿದೆ. ಜನವರಿ ಮೊದಲ ವಾರ ಎಂದರು. ಗುರುವಾರಕ್ಕೆ ಐದು ದಿನವಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಾಗಿಲವರೆಗೆ ಬಂದು ಹೆಗಲ ಮೇಲೆ ಕೈಯಿಟ್ಟರು. ನಮ್ಮ ದೇಶದಲ್ಲೇ ನಾವು ಇಂಥದಕ್ಕೆಲ್ಲ ಬಾಯಿ ಹಾಕಿದವರಲ್ಲ, ಇನ್ನು ಇಲ್ಲಿ ಎಂದು ಮೆಲ್ಲಗೆ ಹೇಳಿದರು. ಅವರು ಒಳ್ಳೆಯ ಮನುಷ್ಯ. ಹೇಳಿದ್ದು ನಿಜವೂ ಆಗಿತ್ತು. ಬೆಂಗಳೂರಿನಲ್ಲಿ ಚುನಾವಣೆಯ ದಿನ ರಜೆ ಸಿಕ್ಕರೆ ನಾವು ಹಾಸ್ಟೆಲಿನವರು ನಂದಿಬೆಟ್ಟಕ್ಕೆ ಹೋಗುತ್ತಿದ್ದೆವು. ನನ್ನ ಹೆಸರು ಮತದಾರರ ಪಟ್ಟಿಯಲ್ಲಿತ್ತೋ ಇಲ್ಲವೋ ನಾನು ಒಮ್ಮೆಯೂ ನೋಡಲಿಲ್ಲ. ಇಲ್ಲಿ ಅದೇ ನವೆಂಬರಿನ ಮೊದಲ ವಾರ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಮತಗಟ್ಟೆ ಇಟ್ಟಿದ್ದರು. ಬಟ್ಟೆ ಒಗೆಯಲು ಆ ದಾರಿಯಲ್ಲಿ ಹೋದಾಗ ಮೂವರು ಮುದುಕಿಯರು ಖಾಲಿ ಕುರ್ಚಿಗಳ ನಡುವೆ ಕೂತಿದ್ದರು. ಒಬ್ಬಾಕೆ ನನ್ನ ಬಟ್ಟೆ ಬುಟ್ಟಿ ನೋಡಿದರೂ, ವೋಟ್ ಮಾಡಲು ಬಂದೆಯಾ ಎಂದು ಆಸೆಯಿಂದ ಕೇಳಿದಳು. ಅಂದು ಅದು ತಮಾಷೆಯಾಗಿ ಕಂಡಿತ್ತು. ಅಧ್ಯಕ್ಷರ ಮನೆಯಿಂದ ಹೊರಟಾಗ ಕಾರಿನಲ್ಲಿ ಆ ಕುರ್ಚಿಗಳು ನೆನಪಾದವು, ಭಯವಾಯಿತು. ಕೋಟಿನವರಿಗಿಂತ ಹೆಚ್ಚಾಗಿ ಈ ಒಳ್ಳೆಯವರನ್ನು ಕಂಡು ಹೆದರಿದೆ. ಒಬ್ಬನನ್ನು ಇಲ್ಲವಾಗಿಸಲು ಯಾರೂ ಏನೂ ಮಾಡಬೇಕಾಗಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದರೆ ಸಾಕಿತ್ತು.

ಇಷ್ಟು ಹೊತ್ತಿಗೆ ಓದುವವರು ಕೇಳಬೇಕಾದ ಪ್ರಶ್ನೆಯೊಂದಿದೆ. ನನ್ನ ಪತ್ರ ಎಲ್ಲಿ?

ನಾನು ಅವನನ್ನು ಕಂಡೆನೇ ಎಂಬುದೇ ನನ್ನ ತೊಂದರೆಯಾಗಿತ್ತು. ನಾನು ಮೈಕಿನ ಮುಂದೆ ಸಭೆಯ ಕಡೆ ಮುಖ ಮಾಡಿ ನಿಂತಿದ್ದೆ, ಅವನು ಬೆನ್ನ ಹಿಂದೆ ಎಲ್ಲೋ ಪರದೆಯ ಹಗ್ಗ ಹಿಡಿದಿದ್ದ. ವಾಪಸು ಬಂದದ್ದೂ ಬೇರೆ ಬೇರೆ. ವೇದಿಕೆಯ ಪಕ್ಕದಲ್ಲಿ ಐಸಿನ ನೀರಿಗೆ ಒದ್ದೆಯಾದ ಅವನ ಅಂಗಿಯ ತೋಳು ನನ್ನ ಕಣ್ಣ ಮುಂದಿತ್ತು. ಆದರೆ ಅದು ಈ ಸಲದ್ದೋ, ಯುಗಾದಿಯ ದಿನದ್ದೋ? ಯುಗಾದಿಗೂ ಅವನೇ ಐಸು ತಂದಿದ್ದ, ಅವನೇ ಪರದೆ ಎಳೆದಿದ್ದ. ಮನುಷ್ಯನ ನೆನಪು ಒಂದರ ತುಂಡನ್ನು ಇನ್ನೊಂದಕ್ಕೆ ಹೊಲಿಯುತ್ತದೆಂದು ಕ್ಲಾಸಿನಲ್ಲಿ ಓದಿದ್ದೆ. ಖಚಿತವಿಲ್ಲದ್ದಕ್ಕೆ ಸಹಿ ಹಾಕುವುದು ಅಪ್ರಾಮಾಣಿಕತೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆಸರು ಬರೆಯುವಾಗ ಈ ಪ್ರಾಮಾಣಿಕತೆ ಎಲ್ಲಿತ್ತು ಎಂದು ಕೇಳಿಕೊಳ್ಳಲಿಲ್ಲ. ಆಸ್ಟಿನ್‌ನ ಒಂದು ಕಂಪನಿಯಲ್ಲಿ ನನಗೆ ಕೆಲಸ ಗೊತ್ತಾಗಿ, ವೀಸಾದ ಅರ್ಜಿ ಹೋಗಿ ಎರಡು ವಾರವಾಗಿತ್ತು. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಪ್ಲೇನೋದಿಂದ ಪಕ್ಕದ ಊರು ಅಲೆನ್‌ಗೆ ಹೋದೆ. ಅಲ್ಲಿ ಧಾರವಾಡದ ಒಬ್ಬ ಇಂಜಿನಿಯರ್ ಇದ್ದರು, ಅವರದು ನನ್ನ ಪಟ್ಟಿಯ ಕೊನೆಯ ಹೆಸರು. ಹೊಸ ಮನೆ, ಗೋಡೆಯ ಬಣ್ಣದ ವಾಸನೆ ಇನ್ನೂ ಇತ್ತು. ಅವರೂ ಕೂರಿಸಿ ಕೇಳಿಸಿಕೊಂಡರು. ತಾವು ಆ ಹೊತ್ತಿನಲ್ಲಿ ಹೊರಗೆ ಪಾರ್ಕಿಂಗ್ ನೋಡುತ್ತಿದ್ದೆವೆಂದರು. ಎದ್ದು ಹೊರಡುವಾಗ ಅಡುಗೆಮನೆಯಿಂದ ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದರು. ಈ ಆಂಟಿಯನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಇದ್ದದ್ದೆಲ್ಲ ಗಂಡಸರ ಹೆಸರು.

“ಯಾರ ಸುದ್ದಿ ಅದು? ಐಸಿನ ಹುಡುಗಂದೇನು?” ಎಂದರು.

ಹೌದು ಎಂದೆ. ಅವನನ್ನು ಆ ದಿನ ಕಂಡ ನೆನಪಿದೆಯೇ ಎಂದು ಕೇಳಿದೆ.

“ನೆನಪಿಡೂದೇನದ ತಮ್ಮಾ ಅದರಾಗ? ಅವಾ ರೋಜಾ ಇದ್ದ. ಊಟಾ ಒಲ್ಲೆ ಆಂಟಿ, ಹೊತ್ತು ಮುಳುಗಿದ ಮ್ಯಾಲೆ ಅಂದ. ಗೋಡೆ ಮ್ಯಾಲಿನ ಗಡಿಯಾರ ನೋಡಕೋತ ನಿಂತಿದ್ದೆ ನಾನು. ಐದು ಇಪ್ಪತ್ತೈದಕ್ಕ ನಾನ ಕರದು ನೀರು ಕೊಟ್ಟೀನಿ. ಖರ್ಜೂರ ಅವನ ಕಿಸೆದಾಗ ಇದ್ದವು. ನನಗೂ ಒಂದು ಕೊಟ್ಟ.”

ಅದು ರಂಜಾನ್ ತಿಂಗಳು. ಒಂದೇ ಮನೆಯಲ್ಲಿದ್ದ ನನಗೆ ಅದು ಗೊತ್ತಿತ್ತು, ಆದರೂ ಊಟದ ಸಾಲಿನಲ್ಲಿ ಅವನು ಯಾಕೆ ಯಾರಿಗೂ ಕಾಣಲಿಲ್ಲವೆಂದು ಒಂದು ಸಲವೂ ಯೋಚಿಸಿರಲಿಲ್ಲ. ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಅಂಗಡಿಯಿಂದ ಆ ಖರ್ಜೂರದ ಪೊಟ್ಟಣ ತಂದುಕೊಟ್ಟವನೂ ನಾನೇ. ಅರವತ್ತು ಜನ ಊಟ ಮಾಡುತ್ತಿದ್ದಾಗ ಅವನು ಅಡುಗೆಮನೆಯ ಗಡಿಯಾರದ ಕೆಳಗೆ ನಿಂತಿದ್ದ. ಆಂಟಿ ಅವನಿಗಾಗಿ ಬಿಸಿಬೇಳೆಬಾತು ಒಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದರು.

ಅದನ್ನು ಬರೆದುಕೊಡುತ್ತೀರಾ ಎಂದು ಕೇಳಿದೆ. ಗಂಡ ನಡುವೆ ಬಂದರು. ಗ್ರೀನ್ ಕಾರ್ಡ್ ಪೆಂಡಿಂಗ್ ಇರುವುದನ್ನು ನೆನಪಿಸಿದರು.

“ಗೊತ್ತದರಿ,” ಎಂದರು ಆಕೆ. “ನಾ ಏನು ಸುಳ್ಳು ಬರೀಲಿಕತ್ತೀನಿ? ಕಂಡದ್ದು ಬರೀಲಿಕ್ಕೆ ಯಾರನ್ನ ಕೇಳಬೇಕು?” ಆಮೇಲೆ ನನ್ನ ಕಡೆ ತಿರುಗಿ, “ಇಂಗ್ಲಿಷಿನ್ಯಾಗ ನನಗ ಬರೂದುಲ್ಲ ನೋಡು. ಕನ್ನಡದಾಗ ಬರದ್ರ ನಡೀತದೇನು?” ಎಂದರು.

ಮಗಳ ಗಣಿತದ ಪುಸ್ತಕದಿಂದ ಒಂದು ಚೌಕುಳಿ ಹಾಳೆ ಹರಿದು, ಊಟದ ಮೇಜಿನ ಮೇಲೆ ಕೂತು, ದುಂಡಗಿನ ಅಕ್ಷರದಲ್ಲಿ ಬರೆದರು. ಐದು ಇಪ್ಪತ್ತೈದು, ನೀರು, ಖರ್ಜೂರ, ಡಬ್ಬಿ. ಕೆಳಗೆ ಪೂರ್ತಿ ಹೆಸರು, ವಿಳಾಸ, ಫೋನ್ ನಂಬರು. ಗಂಡ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು. ನಾನು ಹೊರಡುವಾಗ ಅವರು ತಲೆ ತಗ್ಗಿಸಿ, ಹೈವೇವರೆಗೆ ದಾರಿ ತೋರಿಸಲೇ ಎಂದರು.

ಸಲಹೆಗಾರ್ತಿಗೆ ಆ ಹಾಳೆ ತುಂಬ ಹಿಡಿಸಿತು. ಇಷ್ಟು ವಿವರ ಯಾರೂ ಕಲ್ಪಿಸಿ ಬರೆಯಲಾರರು ಎಂದರು. ಆದರೆ ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದವರು ‘ನನಗೆ ಎರಡೂ ಭಾಷೆ ಬರುತ್ತದೆ, ಇದು ನಿಜವಾದ ಅನುವಾದ’ ಎಂದು ಹೆಸರು, ವಿಳಾಸ ಬರೆದು ಸಹಿ ಹಾಕಬೇಕು. ಮತ್ತೆ ನನ್ನನ್ನು ಕೇಳಿದರು, ನೀನೂ ಅಲ್ಲಿದ್ದೆಯಲ್ಲ, ನಿನ್ನ ಪತ್ರ? ನಾನು ನೆನಪಿನ ಬಗ್ಗೆ ಏನೋ ಹೇಳಿದೆ. ನನಗೆ ತಿಳಿದಮಟ್ಟಿಗೆ, ಬಹುಶಃ, ಇರಬಹುದು ಎಂಬ ಪದಗಳಿದ್ದವು. ಅವರು ಬರೆದುಕೊಳ್ಳುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

ಅನುವಾದವನ್ನು ನಾನೇ ಮಾಡಿದೆ. ಬುಧವಾರ ಮಧ್ಯಾಹ್ನ, ಲೈಬ್ರರಿಯಲ್ಲಿ, ಮುದ್ರಿಸಿಕೊಂಡ ಹಾಳೆಯ ಕೆಳಗೆ ಸಹಿ ಹಾಕಿದೆ. ಕೌಂಟರಿನಲ್ಲಿ ಸರಪಳಿಗೆ ಕಟ್ಟಿದ ನೀಲಿ ಪೆನ್ನು. ಸರಪಳಿ ಗಿಡ್ಡವಾಗಿದ್ದರಿಂದ ಬಗ್ಗಿ ಬರೆಯಬೇಕಾಯಿತು. ಸಹಿಯ ಕೊನೆ ಮೇಲಕ್ಕೆ ಹೋಯಿತು. ಇದು ನನ್ನ ನೆನಪು. ಹಲವು ವರ್ಷ ಇದೊಂದು ನೆನಪಿನ ಮೇಲೆ ನಾನು ನಿದ್ದೆ ಮಾಡಿದ್ದೇನೆ.

ಗುರುವಾರ ಬೆಳಗ್ಗೆ ಅವನ ಕಾರನ್ನು ನಾನು ಓಡಿಸಿದೆ. ಎಂಟೂಮುಕ್ಕಾಲಿಗೆ ಅವನು, ಆ ಸಲಹೆಗಾರ್ತಿ ತನಿಖೆಯವರ ಕಚೇರಿಯ ಒಳಗೆ ಹೋದರು. ನಾನು ಎದುರಿನ ಪಾರ್ಕಿಂಗ್ ಕಟ್ಟಡದಲ್ಲಿ ಕಾರೊಳಗೇ ಕೂತೆ. ಅವನ ಬೀಗದ ಕೈ, ಪರ್ಸು, ತಾಯಿಯ ಫೋನ್ ನಂಬರು ಬರೆದ ಚೀಟಿ ನನ್ನ ಬಳಿ ಇದ್ದವು. ಹೊತ್ತು ಮೀರಿದರೆ ಫೋನ್ ಮಾಡು ಎಂದಿದ್ದ. ಎಷ್ಟು ಮೀರಿದರೆ ಎಂದು ಹೇಳಿರಲಿಲ್ಲ. ಹತ್ತಾಯಿತು, ಹನ್ನೆರಡಾಯಿತು. ತುಮಕೂರಿನಲ್ಲಿ ಫೋನೆತ್ತುವ ಹೆಂಗಸಿಗೆ ಯಾವ ಮಾತಿನಿಂದ ಶುರುಮಾಡುವುದೆಂದು ಬಾಯಿಪಾಠ ಮಾಡಿದೆ. ಎರಡು ಗಂಟೆಯ ಹೊತ್ತಿಗೆ, ಅವನು ನಿಜವಾಗಿ ಪ್ಲೇನೋಗೆ ಬಂದಿದ್ದನೇ ಎಂಬ ಯೋಚನೆ ನನ್ನ ತಲೆಯಲ್ಲಿ ಬಂತು. ಆಂಟಿಯ ಹಾಳೆಯನ್ನು ಓದಿದ, ಅದನ್ನು ಇಂಗ್ಲಿಷಿಗೆ ತಿರುಗಿಸಿದ ನನ್ನ ತಲೆಯಲ್ಲಿ. ಕಾರಿನ ಬಾಗಿಲು ತೆರೆದು ಹೊರಗಿಳಿದೆ.

ಮೂರೂಕಾಲಿಗೆ ಅವನು ಹೊರಗೆ ಬಂದ.

ಬಿಸಿಬೇಳೆಬಾತು ಎಂದರೇನೆಂದು ಬಹಳ ಹೊತ್ತು ಕೇಳಿದರಂತೆ. ಆಮೇಲೆ ಅವನ ಎದುರಿಗೇ ಅಲೆನ್‌ಗೆ ಫೋನ್ ಮಾಡಿದರಂತೆ. ಆಂಟಿ ತಮ್ಮ ಇಂಗ್ಲಿಷಿನಲ್ಲಿ, ಯೆಸ್, ಐ ಗಿವ್ ವಾಟರ್, ಐ ಸೀ ಕ್ಲಾಕ್ ಎಂದು ಮೂರು ಸಲ ಹೇಳಿದ್ದು ಸ್ಪೀಕರಿನಲ್ಲಿ ಅವನಿಗೆ ಕೇಳಿಸಿತು. ಅಲ್ಲಿಗೆ ಮುಗಿಯಿತು. ಮೂರು ಪತ್ರ ಬೇಕಾಗಲೇ ಇಲ್ಲ, ಒಂದು ಸಾಕಾಯಿತು. ಕಾರಿನಲ್ಲಿ ಅವನು ನನ್ನ ಕೈ ಹಿಡಿದುಕೊಂಡ. ನಾವು ಏನೋ ಮಾತಾಡಿದೆವು. ಏನೆಂದು ನೆನಪಿರಲಿಲ್ಲ.

ಅವನು ಮತ್ತೆ ಸಂಘದ ಯಾವ ಕಾರ್ಯಕ್ರಮಕ್ಕೂ ಹೋಗಲಿಲ್ಲ. ಹೋಗದಿರುವುದನ್ನು ಯಾರೂ ಗಮನಿಸಲಿಲ್ಲ. ಮುಂದಿನ ಯುಗಾದಿಗೆ ಬೇರೆ ಯಾರೋ ಐಸು ತಂದರು. ಮೈಸೂರಿನವನು ಓದು ಮುಗಿಸಿ ಊರಿಗೆ ಹೋದ. ನಾನು ಆಸ್ಟಿನ್‌ಗೆ ಶಿಫ್ಟ್ ಆದೆ, ಮನೆ ಮಾಡಿದೆ. 2007ರಲ್ಲಿ ಆಸ್ಟಿನ್‌ನ ಒಂದು ಮದುವೆಯ ಆರತಕ್ಷತೆಯಲ್ಲಿ ಪ್ಲೇನೋದ ಅಧ್ಯಕ್ಷರು ಸಿಕ್ಕರು. ನನ್ನನ್ನು ನಾಲ್ಕು ಜನಕ್ಕೆ ಪರಿಚಯಿಸುತ್ತ ಆ ಹುಡುಗನ ಕಥೆ ಹೇಳಿದರು.

“ಆಗ ನಾವೆಲ್ಲ ಅವನ ಹಿಂದೆ ನಿಂತ್ವಿ, ಅಲ್ವೇನಪ್ಪ?” ಎಂದರು. ಅವರ ಕಣ್ಣು ನಿಜವಾಗಿಯೂ ತೇವವಾಗಿತ್ತು.

ಹೌದು ಅಂಕಲ್ ಎಂದೆ. ಮನಸ್ಸಿನಲ್ಲಿ ನಕ್ಕೆ. ನೀವು ಬರೆಯಲಿಲ್ಲ, ನಾನು ಸಹಿ ಹಾಕಿದೆ ಎಂದುಕೊಂಡೆ.

ಎರಡು ವರ್ಷದ ನಂತರ ತುಮಕೂರಿನವನು ಕೆಲಸ ಬದಲಿಸಿ ಟೆಕ್ಸಸ್ ಬಿಡುವಾಗ ನಮ್ಮ ಮನೆಯಲ್ಲಿ ಎರಡು ರಟ್ಟಿನ ಪೆಟ್ಟಿಗೆ ಬಿಟ್ಟುಹೋದ. ಹಳೇ ಪೇಪರು, ನೋಡಿ ಎಸೆದುಬಿಡು ಎಂದಿದ್ದ. ಒಂದು ಭಾನುವಾರ ಬೆಳಗ್ಗೆ ಗ್ಯಾರೇಜಿನಲ್ಲಿ ಒಂದನ್ನು ತೆರೆದೆ. ಸಲಹೆಗಾರ್ತಿಯ ಫೈಲು ಅದರಲ್ಲಿತ್ತು. ಮೊದಲು ಚೌಕುಳಿ ಹಾಳೆಯ ನೆರಳಚ್ಚು, ಆಂಟಿಯ ದುಂಡಗಿನ ಅಕ್ಷರ. ಅದರ ಹಿಂದೆ ಅನುವಾದ. ವಾಕ್ಯಗಳೆಲ್ಲ ನನ್ನವು, ನಾನು ಹಾಕುವ ಅಲ್ಪವಿರಾಮಗಳು. ಕೊನೆಯಲ್ಲಿ ಕಪ್ಪು ಶಾಯಿಯಲ್ಲಿ ಒಂದು ಸಹಿ, ಹೆಸರು, ಹ್ಯೂಸ್ಟನ್ನಿನ ನಮ್ಮ ವಿಳಾಸ.

ಸಹಿ ಮೈಸೂರಿನವನದು.

ಹಗಲಲ್ಲಿ ಬ್ಲೈಂಡ್ಸ್ ಎತ್ತಲು ಬಿಡದವನು. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳಬಹುದಾಗಿದ್ದವನು. ಅವನು ಅಲ್ಲಿರದ ದಿನ ಅವನ ಹೆಸರನ್ನು ನಾನು ಬರೆದಿದ್ದೆ. ನಾನು ಬರೆಯಬೇಕಾಗಿದ್ದ ಜಾಗದಲ್ಲಿ ಅವನು ತನ್ನ ಹೆಸರು ಬರೆದಿದ್ದ. ಫೈಲನ್ನು ಎರಡು ಸಲ ಕೊನೆಯವರೆಗೆ ಹುಡುಕಿದೆ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

ಗ್ಯಾರೇಜಿನ ನೆಲದ ಮೇಲೆ ಕೂತು ಆ ನೀಲಿ ಪೆನ್ನನ್ನು, ಸರಪಳಿಯನ್ನು ನೆನೆದೆ. ಎರಡೂ ಕಣ್ಣಿಗೆ ಕಟ್ಟಿದಂತಿದ್ದವು, ಈಗಲೂ ಇವೆ. ಸಹಿಯ ಕೊನೆ ಮೇಲಕ್ಕೆ ಹೋದದ್ದೂ ಕಾಣುತ್ತದೆ. ಬೇರೆ ಯಾವುದಕ್ಕೋ ಹಾಕಿದ ಸಹಿಯನ್ನು ನಾನು ತಂದು ಇಲ್ಲಿ ಹೊಲಿದಿದ್ದೆ. ಆ ಆರತಕ್ಷತೆಯಲ್ಲಿ ಅಧ್ಯಕ್ಷರ ಕಣ್ಣಲ್ಲಿ ಬಂದ ನೀರು ನೆನಪಾಯಿತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಅರವತ್ತು ಜನರಲ್ಲಿ ಎಷ್ಟು ಮಂದಿ ಈಗ ತಾವು ಬರೆದುಕೊಟ್ಟೆವೆಂದು ನಂಬಿದ್ದಾರೋ. ಹಾಗಿದ್ದರೆ ಮುಂದಿನ ಸಲ ಬಾಗಿಲು ತಟ್ಟಿದಾಗ ನಾವು ಯಾರೂ ನಾಚಿಕೆಯಿಂದ ಕಲಿತವರಾಗಿರುವುದಿಲ್ಲ. ಎಲ್ಲರೂ ಒಮ್ಮೆ ಧೈರ್ಯ ತೋರಿಸಿದವರೇ ಆಗಿರುತ್ತೇವೆ.

ತುಮಕೂರಿನವನಿಗೆ ಫೋನ್ ಮಾಡಿದೆ. ನಿನಗೆ ಗೊತ್ತಿತ್ತಾ ಎಂದು ಕೇಳಿದೆ.

“ನೀನೇ ಹೇಳಿದ್ದಲ್ಲೋ, ಅವತ್ತು ಕಾರಲ್ಲಿ,” ಎಂದ. ಅವನ ದನಿಯಲ್ಲಿ ಆಶ್ಚರ್ಯವಿತ್ತು. “ಸಹಿ ಹಾಕೋಕೆ ಆಗ್ಲಿಲ್ಲ, ಅವನ ಕೈಲಿ ಹಾಕಿಸ್ದೆ ಅಂತ. ಅಳ್ತಾ ಇದ್ದೆ ನೀನು. ನಾನು ಬಿಡು ಅಂದೆ.”

ಆಮೇಲೆ ನನ್ನನ್ನು ನಗಿಸಲೆಂದೇ ಇರಬೇಕು, ಹಳೆಯ ತುಂಟ ದನಿಯಲ್ಲಿ ಕೇಳಿದ.

“ಈಗಾದ್ರೂ ಹೇಳು ಮಾರಾಯ. ನಾನು ಅಲ್ಲಿದ್ದೆ ತಾನೆ?”

ಇದ್ದೆ ಎಂದೆ. ಹೇಳಲು ಒಂದು ಗಳಿಗೆ ತಡವಾಯಿತು. ಆ ತಡ ಅವನಿಗೂ ಕೇಳಿಸಿತು.